ಫ್ರೂಮಾ ಪ್ಲಾಟ್ಕಿನ್ ಅವರ ಕುಟುಂಬ ವಿಸ್ತರಣೆ

ನ್ಯೂಜೆರ್ಸಿಯ ಎಲ್ಮ್‌ಕ್ರಾಫ್ಟ್ ಪಟ್ಟಣದ ನಿಯಮಾವಳಿಯ ಪ್ರಕಾರ ವಾಸದ ಬಡಾವಣೆಯಲ್ಲಿ ಶಾಲೆ ನಡೆಸತಕ್ಕದ್ದಲ್ಲ, ಕುಟುಂಬ ನಡೆಸಬಹುದು. ಕುಟುಂಬದಲ್ಲಿ ಎಷ್ಟು ಮಕ್ಕಳಿರಬಹುದೆಂದು ನಿಯಮ ಹೇಳಿರಲಿಲ್ಲ.

1956ರಲ್ಲಿ ಇದನ್ನು ಮೊದಲು ಗಮನಿಸಿದವರು ಹಲ್ಲಿನ ಡಾಕ್ಟರ್ ಸೀಮೋರ್ ಗ್ಲಾಂಟ್ಸ್. ಯಹೂದಿ ಮಕ್ಕಳಿಗೆ ಬೆಳಗ್ಗೆ ಧರ್ಮಗ್ರಂಥವಾದ ತೋರಾ, ಮಧ್ಯಾಹ್ನ ಗಣಿತ ಕಲಿಸುವ ಶಾಲೆಗೆಂದು ಅವರ ಸಮಿತಿ ಆಗಲೇ ಒಂದು ಮನೆ ಕೊಂಡಿತ್ತು; ಫ್ರೂಮಾ ಪ್ಲಾಟ್ಕಿನ್ ಎಂಬ ವಿಧವೆಯನ್ನು ಮುಖ್ಯೋಪಾಧ್ಯಾಯಿನಿಯಾಗಿ ಬ್ರೂಕ್ಲಿನ್‌ನಿಂದ ಕರೆಸಿಯೂ ಆಗಿತ್ತು. ಫ್ರೂಮಾಗೆ ಮಕ್ಕಳಿರಲಿಲ್ಲ. ಬ್ರೂಕ್ಲಿನ್ ಮನೆ ಖಾಲಿ ಮಾಡಿ ಬಂದಿದ್ದರಿಂದ ವಾಪಸು ಹೋಗಲು ಜಾಗವೂ ಇರಲಿಲ್ಲ.

"ಶಾಲೆಗೆ ಅನುಮತಿ ಸಿಗಲ್ಲ ಫ್ರೂಮಾ. ಅದಕ್ಕೇ ನೀವು ತಾಯಿ ಆಗ್ಬೇಕು," ಎಂದರು ಗ್ಲಾಂಟ್ಸ್.

"ಈ ವಯಸ್ಸಲ್ಲಾ?"

"ನಿಯಮದಲ್ಲಿ ವಯಸ್ಸಿನ ಮಾತಿಲ್ಲ."

ಮುಂದಿನ ವಾರ, ಮಕ್ಕಳು ಬಂದು ಸೇರಿದ್ದ ಮನೆಗೆ ಪಟ್ಟಣದ ತನಿಖಾಧಿಕಾರಿ ಹಾಲೋವೇ ಬಂದು ಟೋಪಿ ತೆಗೆದು ನಿಂತರು.

"ಎಲ್ಲಾ ನಿಮ್ಮ ಮಕ್ಕಳೇನಾ?"

"ಎಲ್ಲಾ ನನ್ನವೇ."

"ಹದಿನಾಲ್ಕು ಜನಕ್ಕೂ ಆರೇ ವರ್ಷ?"

"ಆ ವರ್ಷ ಸ್ವಲ್ಪ ಕಷ್ಟ ಆಯ್ತು, ಸ್ವಾಮಿ."

"ಸಂಜೆ ಎಲ್ಲಿಗೆ ಹೋಗ್ತಾರೆ?"

"ನೆಂಟರ ಮನೆಗೆ."

"ಗೋಡೆ ಮೇಲೆ ಕರಿಹಲಗೆ ಯಾಕೆ?"

"ಇಷ್ಟು ಮಕ್ಕಳಿರೋ ಮನೇಲಿ ಗೋಡೆ ಉಳೀಬೇಕಲ್ಲ!"

ಕುಟುಂಬವು ಕ್ರಮಬದ್ಧವಾಗಿದೆ, ಆದರೆ ತಂದೆಯ ಕೊರತೆ ಕಂಡುಬಂದಿದೆ ಎಂದು ಹಾಲೋವೇ ವರದಿ ಕೊಟ್ಟರು. ಸಮಿತಿ ತಕ್ಷಣ ಸಭೆ ಸೇರಿ, ಹೀಬ್ರೂ ಮೇಷ್ಟ್ರು ವಾಖ್ಟೆಲ್ ಅವರನ್ನು ತಂದೆಯ ಹುದ್ದೆಗೆ ನೇಮಿಸಿತು. ಬ್ರಹ್ಮಚಾರಿ ವಾಖ್ಟೆಲ್ ಸಿಡಿದೆದ್ದರು.

"ಮದುವೆ ಚಪ್ಪರ ಇಲ್ಲ, ಊಟ ಇಲ್ಲ, ಒಂದೇ ಸಲಕ್ಕೆ ಮಕ್ಕಳಾ?"

ಶಬ್ಬತ್ ಎಂಬ ಶನಿವಾರದ ವಿಶ್ರಾಂತಿಯ ದಿನ ಮತ್ತು ಹಬ್ಬದ ದಿನಗಳಲ್ಲಿ ಪಿತೃತ್ವದಿಂದ ವಿನಾಯಿತಿ ಕೊಟ್ಟ ಮೇಲೆ ಅವರು ಒಪ್ಪಿದರು.

ಕುಟುಂಬ ಬೆಳೆಯಿತು. ಪಕ್ಕದ ಮನೆಯನ್ನೂ ಕೊಂಡು ಸೇರಿಸಿಕೊಳ್ಳಲಾಯಿತು. ಹೊಸ ಉಪಾಧ್ಯಾಯಿನಿಯರು ಚಿಕ್ಕಮ್ಮಂದಿರಾದರು. ಸಮಿತಿ ಪ್ರಕಟಣೆ ಹೊರಡಿಸಿತು: 'ಹೆತ್ತವರನ್ನು ಇನ್ನು ಮುಂದೆ ನೆಂಟರೆಂದು ಪರಿಗಣಿಸಲಾಗುವುದು. ನೆಂಟರು ಮಕ್ಕಳನ್ನು ಪ್ರತಿದಿನ ಬೆಳಗ್ಗೆ ತಲೆ ಬಾಚಿ ತಾಯಿಗೆ ಹಿಂತಿರುಗಿಸತಕ್ಕದ್ದು.' ನೆಂಟರು ಹಾಗೆಯೇ ಮಾಡಿದರು.

ಫ್ರೂಮಾಗೆ ಮೊದಮೊದಲು ನಗು ತಡೆಯಲಾಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಮೊಣಕಾಲು ತರಚಿಕೊಂಡ ಹುಡುಗಿಯೊಬ್ಬಳು, ಯಾವ ಅಧಿಕಾರಿಯೂ ಹತ್ತಿರವಿಲ್ಲದಾಗ, "ಅಮ್ಮಾ" ಎಂದು ಅಳುತ್ತಾ ಓಡಿಬಂದು ಅವರ ಲಂಗಕ್ಕೆ ಮುಖ ಒತ್ತಿದಳು. ಆವತ್ತು ಅವರು ನಗಲಿಲ್ಲ.

ಕೆಲವು ವರ್ಷಗಳ ನಂತರ ಪಟ್ಟಣ ತನ್ನ ನಿಯಮ ತಿದ್ದಿತು. ನೆರೆಹೊರೆಯವರ ಆಕ್ಷೇಪಣೆ ಇಲ್ಲದಿದ್ದರೆ ಶಾಲೆ ತೆರೆಯಬಹುದು. ಫ್ರೂಮಾ ಸಂತೋಷದಿಂದ ಅರ್ಜಿ ಹಾಕಿ ನಾಮಫಲಕ ಬರೆಸಿದರು. ಆದರೆ ಅಷ್ಟರಲ್ಲಿ ಶಾಲೆ ಹತ್ತಿರವಿರಲೆಂದು ಹೆತ್ತವರೇ ಸುತ್ತಲಿನ ಮನೆಗಳನ್ನೆಲ್ಲ ಕೊಂಡುಬಿಟ್ಟಿದ್ದರು. ವಿಚಾರಣೆಯ ದಿನ ಮೊದಲು ಎದ್ದು ನಿಂತವರು ಗ್ಲಾಂಟ್ಸ್.

"ನೆಮ್ಮದಿಯಾಗಿರೋಣ ಅಂತ ಇಲ್ಲಿ ಮನೆ ತಗೊಂಡಿದ್ದೀವಿ. ಪಕ್ಕದಲ್ಲೇ ಶಾಲೆ ಬಂದ್ರೆ ಗಲಾಟೆ, ಬಸ್ಸು, ಕಾರು! ನಮ್ಮ ಮನೆಗಳ ಬೆಲೆ ಏನಾಗ್ಬೇಕು?"

"ಈಗ ಗಲಾಟೆ ಇಲ್ವಾ?" ಎಂದರು ಹಾಲೋವೇ.

"ಈಗಿರೋದು ತುಂಬಿದ ಸಂಸಾರ, ಸಾರ್. ಸಂಸಾರಸ್ಥರನ್ನ ಏನನ್ನೋಕಾಗುತ್ತೆ?"

ಹೆತ್ತವರೆಲ್ಲ ಕೈಯೆತ್ತಿದರು. ಅರ್ಜಿ ಸರ್ವಾನುಮತದಿಂದ ತಿರಸ್ಕೃತವಾಯಿತು.

ಹೊರಗೆ ಗ್ಲಾಂಟ್ಸ್ ಮೆತ್ತಗೆ ಕೇಳಿದರು, "ಬೇಜಾರಾಯ್ತಾ ಫ್ರೂಮಾ? ನಮ್ಮ ಆಕ್ಷೇಪಣೆ ನಿಮ್ಮ ಮೇಲಲ್ಲ, ಶಾಲೆ ಮೇಲೆ."

"ನನಗ್ಯಾಕೆ ಬೇಜಾರು?"

"ನಮ್ಮ ಮಗ ಮಿಲ್ಟನ್ ಹೈಸ್ಕೂಲಿಗೆ ಹೋಗ್ಬೇಕಲ್ಲ, ಪ್ರಮಾಣಪತ್ರ ಯಾವಾಗ ಕೊಡ್ತೀರಿ?"

"ಪ್ರಮಾಣಪತ್ರ ಕೊಡೋದು ಶಾಲೆ, ಡಾಕ್ಟ್ರೇ. ನಾನು ತಾಯಿ. ಮನೆ ಬಿಟ್ಟು ಹೋಗೋ ಮಗನಿಗೆ ಬೇಕಾದ್ರೆ ಒಂದು ಸ್ವೆಟರ್ ಹೆಣೆದು ಕೊಡ್ತೀನಿ."

"ನೀಲಿ ಬಣ್ಣದ್ದಾದ್ರೆ ಒಳ್ಳೇದು," ಎಂದರು ಗ್ಲಾಂಟ್ಸ್.

ಆ ವರ್ಷ ತೇರ್ಗಡೆಯಾದವರೆಲ್ಲ ನೀಲಿ ಸ್ವೆಟರ್ ತೊಟ್ಟು ಹೈಸ್ಕೂಲಿಗೆ ಹೋದರು. ಅಲ್ಲಿನ ಗುಮಾಸ್ತರು ತೋಳಿನ ಹೆಣಿಗೆಯನ್ನು ಬೆಳಕಿಗೆ ಹಿಡಿದು ಪರಿಶೀಲಿಸಿ, ಒಬ್ಬೊಬ್ಬರನ್ನಾಗಿ ಸೇರಿಸಿಕೊಂಡರು. ಹೆಣಿಗೆ ಬಿಗಿಯಾಗಿದ್ದವರಿಗೆ ಗಣಿತದಲ್ಲಿ ಒಂದು ತರಗತಿ ಮುಂದಕ್ಕೆ ಬಡ್ತಿ ಸಿಕ್ಕಿತು.