ಸೊಣ್ಣಪ್ಪ ಗಿಣ್ಣು ತಿಂದದ್ದು

ಎಂಬತ್ತೇಳನೆಯ ಇಸವಿ, ಅವರೆಕಾಯಿಗೆ ಸೊಗಡು ಬಂದಿದ್ದ ಕಾಲ. ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಸೊಣ್ಣಪ್ಪ ಕ್ಯಾಸಂಬಳ್ಳಿಯ ಹೋಟೆಲಿನ ಬೆಂಚಿನ ಮೇಲೆ ಬಸ್ಸಿಗೆ ಕಾಯುತ್ತಾ, ಕೆಮ್ಮುವುದನ್ನು ಅಭ್ಯಾಸ ಮಾಡುತ್ತಿದ್ದ.

ರಾಬರ್ಟ್‌ಸನ್‌ಪೇಟೆಯ ಹೊರಗೆ ತಳ್ಳುಬಂಡಿ ಚಕ್ರ ಎರಕ ಹೊಯ್ಯುವ ಸಣ್ಣ ಕಾರ್ಖಾನೆಯೊಂದರಲ್ಲಿ ಅವನು ಮೂವತ್ತು ವರ್ಷ ದುಡಿದಿದ್ದ. ಅಲ್ಲೊಂದು ಪದ್ಧತಿಯಿತ್ತು. ವಯಸ್ಸಾಗಿ ರಿಟೈರಾದರೆ ಕೈಮುಗಿದು ಮನೆಗೆ ಹೋಗುವುದು. ಅದಕ್ಕೆ ಮುಂಚೆ ಡಾಕ್ಟರು ಅನ್‌ಫಿಟ್ ಎಂದು ಬರೆದರೆ ಆ ಕೆಲಸ ಮಗನಿಗೆ. ಸೊಣ್ಣಪ್ಪನಿಗೆ ಇನ್ನೂ ಮೂರು ವರ್ಷವಿತ್ತು. ಮಗ ಜಯರಾಮನಿಗೆ ಬೂದಿಕೋಟೆಯಲ್ಲಿ ಹೆಣ್ಣು ನೋಡಿದ್ದಾಗಿತ್ತು; ಹುಡುಗನಿಗೆ ಕೆಲಸವಿದ್ದರೆ ಮಾತ್ರ ಮದುವೆ ಎಂದು ಅವರು ಕಡ್ಡಿ ಮುರಿದಂತೆ ಹೇಳಿದ್ದರು. ಹಾಗಾಗಿ ಸೊಣ್ಣಪ್ಪ ಇವತ್ತಿನ ಡಾಕ್ಟರ ಪರೀಕ್ಷೆಗೆಂದು ತಿಂಗಳಿಂದ ಗಡ್ಡ ಬೋಳಿಸದೆ, ಬೆನ್ನು ಬಗ್ಗಿಸಿ, ಶ್ರದ್ಧೆಯಿಂದ ಮುದುಕನಾಗುತ್ತಾ ಬಂದಿದ್ದ. ಕೈ ಹಿಡಿದು ನಡೆಸಲು ಜೊತೆಗೆಲಸದ ಆರುಮುಗಂ ಬಂದಿದ್ದ.

ಎದುರಿಗೆ ರಾಮಚಂದ್ರಪ್ಪ ಮೇಷ್ಟ್ರು ಪೇಪರು ಬಿಡಿಸಿದ್ದರು.

"ಇಲ್ಕೇಳು ಸೊಣ್ಣಪ್ಪ. ನಮ್ ಮೈಯಾಗಿನ ಒಂದೊಂದು ಕಣದಾಗೂ ಒಂದು ದೊಡ್ಡ ಪುಸ್ತಕ ಐತೆ. ವಯಸ್ಸಾಗ್ತಾ ಅದರ ಪುಟ ಅಂಟ್ಕೊಂಡು ಓದಕ್ಕಾಗಲ್ವಂತೆ. ರಷ್ಯಾದೋರು ಕರುವಿನ ಎದೆಯೊಳಗಿನ ಗ್ರಂಥಿಯಿಂದ ಪೆಪ್ಟೈಡು ಅಂತ ತೆಗ್ದವ್ರೆ. ಪ್ರೋಟೀನಿನ ಚೂರು, ಎರಡು ಮೂರು ಮಣಿ ಪೋಣಿಸ್ದಂಗೆ. ಅದು ಒಳಗೋಗಿ ಪುಟ ಬಿಡಿಸ್ತದಂತೆ. ಮುದಿ ಇಲಿಗಳು ಚುರುಕಾದ್ವಂತೆ. ಮನುಷ್ಯರದ್ದು ಇನ್ನೂ ನೋಡ್ಬೇಕು."

ಸೊಣ್ಣಪ್ಪ ಲೋಟ ಕೆಳಗಿಟ್ಟ. ಅವನ ಮನೆಯ ಹಸು ಗುರುವಾರ ಈದಿತ್ತು. ಹೆಂಡತಿ ಅಕ್ಕಯ್ಯಮ್ಮ ನಾಲ್ಕು ದಿನದಿಂದ ಮೂರು ಹೊತ್ತೂ ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಬಡಿಸಿದ್ದಳು.

"ಕರುಗೆ ಅದು ಎಲ್ಲಿಂದ ಬತ್ತದೆ ಮೇಷ್ಟ್ರೇ? ತಾಯಿ ಗಿಣ್ಣಾಲಿಂದ ತಾನೆ?"

"ಅಂಗಲ್ಲ ಕಣಯ್ಯ. ಗಿಣ್ಣಾಗೂ ಅಂತಾ ಚೂರು ಇರ್ಬೌದು, ಆದ್ರೆ..."

"ಇರ್ಬೌದು" ಎನ್ನುವುದಕ್ಕಿಂತ ಮುಂದೆ ಯಾರೂ ಕೇಳಿಸಿಕೊಳ್ಳಲಿಲ್ಲ. ಆರುಮುಗಂ ಬಗ್ಗಿ ನೋಡಿದ. "ಅಣ್ಣಾ, ಮೀಸೆಯಾಗೆ ಎರಡು ಕೂದ್ಲು ಕಪ್ಪಾಗೈತೆ."

"ನನ್ ಪುಟ ಯಾರೂ ಓದೋದು ಬ್ಯಾಡಪ್ಪ," ಎಂದ ಸೊಣ್ಣಪ್ಪ. "ಅಂಟ್ಕೊಂಡಿದ್ದು ಅಂಟ್ಕೊಂಡಂಗೇ ಇರ್ಲಿ."

ಬಸ್ಸು ಹತ್ತುವಾಗ ದಿನಾ ನೋಯುವ ಮಂಡಿ ಇವತ್ತು ನೋಯಲಿಲ್ಲ. ಹೆದರಿ ಅದನ್ನು ಆರುಮುಗಂನ ಕಿವಿಯಲ್ಲಿ ಹೇಳಿದ. ಸುಸ್ತಾಗಲಿ ಎಂದು ಆರುಮುಗಂ ಅವನನ್ನು ಎರಡು ಮೈಲಿ ಮುಂಚೆಯೇ ಇಳಿಸಿ ನಡೆಸಿದ. ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವ ಮಾರಿಯಮ್ಮ ತಲೆಯೆತ್ತಿ, "ಏನ್ ಸೊಣ್ಣಪ್ಪಾ, ಕೆನ್ನೆ ಮದ್ಲಿಂಗನಂಗೆ ಕೆಂಪಾಗೈತೆ. ನಿನಗೇ ಎಣ್ಣು ನೋಡಿದ್ರಾ, ಮಗನಿಗಾ?" ಎಂದಳು.

ಆರುಮುಗಂ ಗಾಬರಿಯಾಗಿ ಅಂಗಡಿಯಿಂದ ವಿಭೂತಿ ತಂದು ಗೆಳೆಯನ ಮೀಸೆಗೆ ಧಾರಾಳವಾಗಿ ಬಳಿದ.

ಕಾರ್ಖಾನೆಯ ಡಾಕ್ಟರು ಎದೆಗೆ ಕೊಳವೆಯಿಟ್ಟು ಕೆಮ್ಮು ಎಂದರು. ಸೊಣ್ಣಪ್ಪ ತಿಂಗಳ ಅಭ್ಯಾಸವನ್ನೆಲ್ಲ ಸೇರಿಸಿ ಕೆಮ್ಮಿದ. ಮೀಸೆಯಿಂದೆದ್ದ ವಿಭೂತಿ, ಹಿಟ್ಟಿನ ಗಿರಣಿಯಲ್ಲಿ ಚೀಲ ಕೊಡವಿದಂತೆ, ಡಾಕ್ಟರ ಕನ್ನಡಕದ ಮೇಲೆ ಕೂತಿತು.

ಕೆಲಸ ಕೆಟ್ಟಿತೆಂದು ಸೊಣ್ಣಪ್ಪ ಕಾಲಿಗೆ ಬಿದ್ದ. "ತಪ್ಪಾಯ್ತು ಸ್ವಾಮಿ. ನಾನು ನಿಜವಾಗ್ಲೂ ಮುದುಕ್ನೇ. ಗೊತ್ತಿಲ್ದೆ ನಾಕು ದಿನ ಗಿಣ್ಣು ತಿಂದ್ಬುಟ್ಟೆ." ಪುಸ್ತಕ, ಪುಟ, ರಷ್ಯಾದ ಇಲಿ, ಮಗನ ಮದುವೆ, ಎಲ್ಲವನ್ನೂ ಒಪ್ಪಿಸಿದ.

ಡಾಕ್ಟರು ಕನ್ನಡಕ ಒರೆಸಿಕೊಂಡು, ಬಾಗಿಲು ಹಾಕಿ ಬಂದು, ದನಿ ತಗ್ಗಿಸಿದರು.

"ಆ ಪೇಪರು ನಾನೂ ಓದಿದೆ. ಗುರುವಾರ ನನಗೆ ರಿಟೈರ್‌ಮೆಂಟು. ಮೆಟ್ಟಿಲು ಹತ್ತೋಕೆ ಮಂಡಿ ಬಿಡಲ್ಲ. ಮನೇಲಿ ಇನ್ನೂ ಇದೆಯೇನಪ್ಪ ಅದು?"

ಸೊಣ್ಣಪ್ಪನಿಗೆ ದೇವರೇ ಬಿಳಿ ಕೋಟು ಹಾಕಿಕೊಂಡು ನಿಂತಂತಾಯಿತು. "ಒಂದು ಪಾತ್ರೆ ಐತೆ ಸ್ವಾಮಿ. ನಮ್ ಕಾಗ್ದ?"

"ನಿನ್ನ ಎದೇಲೂ ಧೂಳು ತುಂಬಿದೆ. ಬರೀಬಹುದು. ಊಟ ಆದಮೇಲೆ ಬರೀತೀನಿ."

ಆರುಮುಗಂ ಬಸ್ಸು ಹಿಡಿದು ಊರಿಗೆ ಹೋಗಿ ಪಾತ್ರೆ ತಂದ. ಡಾಕ್ಟರು ಮೊದಲು ಚಮಚದಲ್ಲಿ ತಿಂದರು, ಆಮೇಲೆ ಕೈಯಲ್ಲಿ, ಕೊನೆಗೆ ಪಾತ್ರೆಯನ್ನೇ ಎತ್ತಿಕೊಂಡರು. ಪರೀಕ್ಷೆಯ ಮಂಚದ ಮೇಲೆ ಒಂದು ತಾಸು ಗೊರಕೆ ಹೊಡೆದೆದ್ದರು. ಮಹಡಿ ಮೆಟ್ಟಿಲು ಹತ್ತಿ ಇಳಿದರು. ಇನ್ನೊಂದು ಸಲ ಹತ್ತಿ ಇಳಿದರು.

"ನೋವೇ ಇಲ್ಲವಲ್ಲಯ್ಯ," ಎಂದು ಬೆರಗಾಗಿ, ಕೂತು ಬರೆದು, ರುಜು ಹಾಕಿ, ಕಾಗದ ಕೊಟ್ಟರು.

ಸೊಣ್ಣಪ್ಪ ಅದನ್ನು ಕಣ್ಣಿಗೊತ್ತಿಕೊಂಡು ಗುಮಾಸ್ತನ ಮುಂದಿಟ್ಟ. ಗುಮಾಸ್ತ ಓದಿದ: "ಪೂರ್ತಿ ಫಿಟ್. ರಿಟೈರಾಗೋ ತನಕ ಇನ್ನು ಪರೀಕ್ಷೆ ಬೇಡ."

ಸೊಣ್ಣಪ್ಪ ಒಳಗೆ ಓಡಿದ. "ಸ್ವಾಮಿ, ಏನ್ ಬರ್ದ್‌ಬುಟ್ರಿ? ನಿಮ್ಗೇಂತ ತಾನೆ ಗಿಣ್ಣು ತರ್ಸಿದ್ದು?"

"ಅದಕ್ಕೇ ಕಣಪ್ಪ ಬರೆದದ್ದು," ಎಂದರು ಡಾಕ್ಟರು, ಬಹಳ ಪ್ರಾಮಾಣಿಕವಾಗಿ. "ಒಂದೇ ಹೊತ್ತು ತಿಂದ ನನಗೇ ಹೀಗಾದರೆ, ನಾಲ್ಕು ದಿನ ಮೂರು ಹೊತ್ತೂ ತಿಂದಿರೋ ನಿನ್ನನ್ನ ಯಾವ ಕೈಯಿಂದ ಅನ್‌ಫಿಟ್ ಅಂತ ಬರೀಲಿ?"

ಗುರುವಾರ ಡಾಕ್ಟರು ಬಂಗಾರಪೇಟೆಯಲ್ಲಿ ರೈಲು ಹತ್ತಿ ಸೇಲಂಗೆ ಹೊರಟುಹೋದರು. ಶನಿವಾರ ಬೂದಿಕೋಟೆಯವರು ಬಂದು, ಕೆಲಸದ ಸುದ್ದಿ ಕೇಳಿ, ಅಕ್ಕಯ್ಯಮ್ಮ ಕೊಟ್ಟ ಕಾಫಿಯನ್ನು ಅರ್ಧಕ್ಕೇ ಬಿಟ್ಟು, ಸಂಜೆ ಬಸ್ಸಿಗೆ ಹೊರಟುಹೋದರು.