ಬೇರೆಯವರ ಟಿಕೆಟ್ಟಿನಲ್ಲಿ ಸಮುದ್ರ

ನಾನು ಹೋದಲ್ಲೆಲ್ಲ ಒಂದು ಅನ್ಯಾಯ ನನಗಿಂತ ಮೊದಲೇ ಹೋಗಿ ಕೂತಿರುತ್ತದೆ. ಮದುವೆ ಊಟದಲ್ಲಿ ಎರಡನೇ ಪಂಕ್ತಿಗೆ ಪಾಯಸ ನೀರಾದರೆ ಎದ್ದು ಕೇಳುವವನು ನಾನೇ. ಅದರಿಂದ ಪಾಯಸ ಗಟ್ಟಿಯಾದದ್ದಿಲ್ಲ, ಸಂಬಂಧ ಕೆಟ್ಟದ್ದುಂಟು. ಎಪ್ಪತ್ತರ ದಶಕದ ಕೊನೆಯಲ್ಲಿ ಹಡಗು ಹತ್ತಿದ ಕಥೆಯೂ ಅಷ್ಟೇ.

೧. ಅರ್ಧ ರೇಟು

ಯಲಹಂಕದಲ್ಲಿ ನಮ್ಮ ಮನೆ, ಯಶವಂತಪುರದ ಕಾರ್ಖಾನೆಯಲ್ಲಿ ನನಗೆ ಲೇತ್ ಕೆಲಸ, ಉಳಿದ ಹೊತ್ತೆಲ್ಲ ಯೂನಿಯನ್. ಗಂಡ ಹೆಂಡತಿ ಇಬ್ಬರೂ ಅಲ್ಲಾಳಸಂದ್ರದ ಕೆರೆಗಿಂತ ದೊಡ್ಡ ನೀರು ಕಂಡವರಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಸಮುದ್ರದ ಚಿತ್ರವಿದ್ದ ಹಾಳೆಯನ್ನು ಅವಳು ತಿಂಗಳು ಕಳೆದರೂ ತಿರುವಿರಲಿಲ್ಲ. 'ಇಬ್ರೂ ಒಂದ್ಸಲ ನೋಡ್ಕೊಂಡ್ ಬರೋಣ ಕಣೇ' ಎಂದು ಮಾತು ಕೊಟ್ಟಿದ್ದೆ.

ಆರ್.ಟಿ. ನಗರದ ಟೂರ್ ಏಜೆಂಟ್ ಹೇಳಿ ಕಳಿಸಿದ, ಹೋದೆ. 'ಹೊಸದಾಗಿ ಮದುವೆಯಾದ ಜೋಡಿ ಬುಕ್ ಮಾಡಿದ್ರು ಸಾರ್. ಜಗಳ ಆಡ್ಕೊಂಡು ಹುಡುಗಿ ತವರಿಗೆ ಹೋದ್ಲು. ಬೊಂಬಾಯಿಗೆ ರೈಲು, ಅಲ್ಲಿಂದ ಗೋವಾಕ್ಕೆ ಹಡಗು. ಅರ್ಧ ರೇಟು, ನಾಳೆನೇ ಹೊರಡ್ಬೇಕು.'

'ಟಿಕೆಟ್ಟಲ್ಲಿ ಹೆಸರು?'

'ಅವರದ್ದೇ. ಯಾರಾದ್ರೂ ಕೇಳಿದ್ರೆ ಸ್ವಲ್ಪ ನಾಚ್ಕೊಂಡುಬಿಡಿ.'

೨. ಹಾರ

ಏಜೆಂಟ್ ತನ್ನ ಗೈಡಿಗೆ ಈ ಬದಲಾವಣೆ ಹೇಳಿರಲಿಲ್ಲ. ಅವನು ಯಶವಂತಪುರ ಸ್ಟೇಷನ್ನಿನಲ್ಲಿ ಮದುಮಕ್ಕಳಿಗೆಂದು ಎರಡು ಹಾರ ಹಿಡಿದು ನಿಂತಿದ್ದ. ನನ್ನ ನರೆತ ಮೀಸೆ ನೋಡಿ ಒಂದು ಕ್ಷಣ ಹಿಂಜರಿದು, ಆಮೇಲೆ ಕೊಟ್ಟ.

ನಮ್ಮ ಮದುವೆಯಲ್ಲಿ ಹಾರ ಶೋಕಿ ಎಂದು ಭಾಷಣ ಮಾಡಿ ನಿಲ್ಲಿಸಿದವನು ನಾನು. ಇಲ್ಲೂ ಬಾಯಿ ತೆರೆದೆ. ಅವಳು ಕತ್ತು ಚಾಚಿ ಹೇಳಿದಳು: 'ಹಾಕಿ ರೀ. ಇನ್ನೊಬ್ಬರ ಹೆಸರಲ್ಲಾದ್ರೂ ಆಗ್ಲಿ.'

೩. ಜಾಗ

ಬೊಂಬಾಯಿ ಬಂದರಿನಲ್ಲಿ ನನಗೆ ಕಂಡದ್ದು ಬರೀ ಜನರ ತಲೆ. ನಮ್ಮದು ಕೆಳಗಿನ ಡೆಕ್ಕು. ಅಲ್ಲಿ ಕೂಲಿಗಳು ಮೊದಲೇ ಓಡಿಹೋಗಿ ಚಾಪೆ ಹಾಸಿ, ಆ ಜಾಗವನ್ನು ನಮಗೇ ಮಾರುತ್ತಿದ್ದರು. 'ಟಿಕೆಟ್ ಕೊಂಡಿರೋದು ನಾನು, ಜಾಗ ಮಾರೋಕೆ ನೀನ್ಯಾರು?' ಎಂದು ಒಬ್ಬನ ಮೇಲೆ ಕನ್ನಡದಲ್ಲೇ ಗುಡುಗಿದೆ. ಅವನು ಮರಾಠಿಯಲ್ಲಿ ಗುಡುಗಿದ. ನ್ಯಾಯ ನನ್ನದೇ ಆಗಿತ್ತು. ಜಗಳ ಮುಗಿಯುವ ಹೊತ್ತಿಗೆ ಉಳಿದಿದ್ದ ಜಾಗ ಪಾಯಿಖಾನೆ ಬಾಗಿಲಲ್ಲಿ.

'ಬಾಗಿಲು ತೆಗೆದಾಗ ಗಾಳಿ ಬರುತ್ತೆ' ಎಂದೆ. ಅವಳು ಮೂಗಿಗೆ ಸೆರಗು ಹಿಡಿದೇ ತಲೆಯಾಡಿಸಿದಳು.

೪. ಗೆಲುವು

ಕೆಳಗಿನ ಡೆಕ್ಕಿನ ಎರಡೂ ಪಕ್ಕ ಟಾರ್ಪಾಲು ಕಟ್ಟಿದ್ದರು. ಸಮುದ್ರ ನೋಡಬೇಕೆಂದರೆ ಮೇಲಿನ ಡೆಕ್ಕಿಗೆ ಹೋಗಬೇಕು. ಅದು ಹೆಚ್ಚು ಕೊಟ್ಟವರಿಗೆ ಮಾತ್ರ, ಮೆಟ್ಟಿಲಿಗೆ ಗೇಟು, ಗೇಟಿಗೊಬ್ಬ ಕಾವಲು. ಉಳ್ಳವರಿಗೆ ಗಾಳಿ, ಇಲ್ಲದವರಿಗೆ ಗಬ್ಬು. ನನ್ನ ರಕ್ತ ಕುದಿಯಿತು. ಜನ ಸೇರಿಸಿ ಘೋಷಣೆ ಕೂಗಿಸಿದೆ. ಅಧಿಕಾರಿಯೊಬ್ಬ ನನ್ನನ್ನು ಮಾತುಕತೆಗೆ ಕರೆದ. ಕಿಟಕಿಯಿಲ್ಲದ ಕೋಣೆ, ಅವನ ತಲೆಯ ಹಿಂದೆ ಸಮುದ್ರದ ಚಿತ್ರವಿದ್ದ ಕ್ಯಾಲೆಂಡರು. ಅದನ್ನೇ ನೋಡುತ್ತ ಮಧ್ಯಾಹ್ನದಿಂದ ಮೇಜು ಗುದ್ದಿದೆ. ಕೊನೆಗೆ ಒಪ್ಪಿದ: ಎಲ್ಲರಿಗೂ ಗೇಟು ತೆರೆಯುತ್ತೇವೆ.

ಹೊರಗೆ ಬಂದರೆ ಕಗ್ಗತ್ತಲು. ನನ್ನವಳು ಕೆದರಿದ ತಲೆಯಲ್ಲಿ ನಗುತ್ತ ಕೂತಿದ್ದಳು.

'ಗೆದ್ದೆ ಕಣೇ. ಇನ್ಮೇಲೆ ಮೇಲಕ್ಕೆ ಹೋಗ್ಬಹುದು.'

'ನಾನಾಗ್ಲೇ ಹೋಗ್ಬಂದೆ. ಗೇಟಿನವನಿಗೆ ಚಕ್ಕುಲಿ ಕೊಟ್ಟು, ನೋಡ್ಕೊಂಡ್ ಬರ್ತೀನಣ್ಣ ಅಂದೆ.'

'ಕನ್ನಡದಲ್ಲಾ?'

'ಚಕ್ಕುಲಿಗೆ ಯಾವ ಭಾಷೆ ರೀ? ಸೂರ್ಯ ನೀರೊಳಗೇ ಇಳೀತು. ನಿಮ್ಮನ್ನೂ ಕರೆಯೋಣ ಅಂತ ಆ ಕೋಣೆ ಬಾಗಿಲ ತನಕ ಬಂದೆ. ನೀವು ಕ್ಯಾಲೆಂಡರ್ ನೋಡ್ಕೊಂಡು ಮೇಜು ಗುದ್ದುತ್ತಾ ಇದ್ರಿ. ಸುಮ್ಮನೆ ವಾಪಸ್ ಹೋದೆ.'

ಬೆಳಿಗ್ಗೆ ಎದ್ದಾಗ ಹಡಗು ಪಣಜಿಯ ನದಿಯೊಳಗಿತ್ತು. ನನ್ನ ರಜೆ ಮುಗಿದಿತ್ತು. ಇಳಿದವರೇ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಅವಳದು ಸಮುದ್ರದ ಮಾತೇ. ಗೇಟು ತೆರೆಸಿದವನು ನಾನು, ಅವಳ ಪಕ್ಕ ನಿಲ್ಲಲಾರದೆ ಹೋದವನೂ ನಾನೇ.

ಮನೆ ಸೇರಿದ ಮೇಲೆ ಪಕ್ಕದ ಮನೆಯವರು ವಿಚಾರಿಸಲು ಬಂದರು. 'ಏನ್ ಸಾರ್, ಸಮುದ್ರ ಹೆಂಗಿತ್ತು?'

ಸೋಲೊಪ್ಪುವ ಅಭ್ಯಾಸ ನನಗಿಲ್ಲ. ಗೋಡೆಯ ಕ್ಯಾಲೆಂಡರ್ ತೋರಿಸಿ, 'ಥೇಟ್ ಹಿಂಗೇ ಇತ್ತು' ಎಂದೆ.

ಒಳಗಿನಿಂದ ಅವಳು ಕೂಗಿ ಹೇಳಿದಳು: 'ಇಲ್ಲ ಕಣ್ರೀ, ಅವರು ನೋಡಿದ್ದು ಬೇರೆ ತಿಂಗಳದ್ದು.'