‘ಲ’ಕ್ಕೂ ‘ಳ’ಕ್ಕೂ ನಡುವೆ ಒಂದು ಸಾಬೂನು

ಜಾಹೀರಾತು ಹೇಗಿರಬೇಕು ಎಂದು ನನ್ನನ್ನು ಕೇಳಿ! ನಮ್ಮ ಯಜಮಾನರು ತೀರಿಕೊಂಡ ಮೇಲೆ ಟೀವಿಯೇ ನನಗೆ ಜೊತೆ. ಎಲ್ಲರೂ ಜಾಹೀರಾತು ಬಂದಾಗ ನೀರು ಕುಡಿಯಲು ಏಳುತ್ತಾರೆ. ನಾನು ಧಾರಾವಾಹಿ ಶುರುವಾದಾಗ ಏಳುತ್ತೇನೆ. ಅಕ್ಷರ ಕೂಡಿಸಿ ಕೂಡಿಸಿ ಓದುವವಳಾದರೂ ಈ ಒಂದು ವಿದ್ಯೆಯಲ್ಲಿ ನಾನು ಮಹಾಪಂಡಿತೆ!

ನನ್ನ ಸೊಸೆಯದು ಜಾಹೀರಾತು ತೆಗೆಯುವ ಕೆಲಸ. ಆ ಬೆಳಿಗ್ಗೆ ಅವಳು ಫೋನು ಹಿಡಿದು ಅಳುಮೋರೆ ಹಾಕಿಕೊಂಡು ಕೂತಿದ್ದಳು. ಅಂದು ನಮ್ಮ ಮನೆಯಲ್ಲೇ ಶೂಟಿಂಗು, ಬರಬೇಕಿದ್ದ ನಟಿಗೆ ಜ್ವರ. ಸಾಬೂನಿನ ಸಾಹುಕಾರರು ಆಗಲೇ ನಮ್ಮ ಬಚ್ಚಲಮನೆಯ ಬಾಗಿಲಲ್ಲಿ, ಕ್ಯಾಮೆರಾದ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಾಗಿದೆ. ಇದೂ ಕೆಟ್ಟರೆ ನೀನು ಮನೆಯಲ್ಲೇ ಇರು ಎಂದು ಅವಳ ಮೇಲಿನವರು ಹೇಳಿದ್ದರಂತೆ. ನಾನು ಟೊಂಕ ಕಟ್ಟಿ ಎದ್ದೆ.

“ನಾನಿಲ್ವಾ?”

“ಅತ್ತೆ, ಇರೋದು ಒಂದೇ ಮಾತು. ಅದು ಮಾತ್ರ ತಪ್ಪಬಾರ್ದು,” ಎಂದು ಅವಳು ರಟ್ಟಿನ ಮೇಲೆ ದಪ್ಪಗೆ ಬರೆದು ಹಿಡಿದಳು: ಕಲೆ ಹೋಯ್ತು, ಕಳೆ ಬಂತು!

ಬರೆದವರಿಗೆ ಬುದ್ಧಿ ಬೇಡವೇ? ಅಲ್ಲೊಂದು ‘ಲ’, ಇಲ್ಲೊಂದು ‘ಳ’. ನನ್ನ ಕಟ್ಟಿಸಿದ ಹಲ್ಲಿಗೆ ಎರಡೂ ಒಂದೇ. ಮೊದಲ ಸಲ ಕಲೆ ಹೋಗಿ ಕಲೆಯೇ ಬಂತು. ಮತ್ತೊಂದು ಸಲ ಕಳೆ ಹೋಗಿ ಕಳೆಯೇ ಬಂತು. ಇದು ಬಟ್ಟೆ ಒಗೆಯುವುದೋ ತೋಟದ ಕೆಲಸವೋ ಎಂದು ಕ್ಯಾಮೆರಾದವನು ಗೊಣಗಿದ. ತಪ್ಪಿದಾಗಲೆಲ್ಲ ಅಂಗಿಗೆ ಮತ್ತೆ ಕಾಫಿ ಸುರಿಯಬೇಕು, ಮತ್ತೆ ಉಜ್ಜಬೇಕು. ಉಜ್ಜುವುದರಲ್ಲಿ ನನಗೆ ಅವಸರವೆಂಬುದಿಲ್ಲ: ಮೊದಲು ಕಾಲರು, ಆಮೇಲೆ ತೋಳು, ಕೊನೆಗೆ ಜೇಬು. ಸಾಹುಕಾರರು ಗಡಿಯಾರ ನೋಡಿಕೊಂಡರು. ಸೊಸೆಯ ಮುಖ ಅಂಗಿಗಿಂತ ಬೆಳ್ಳಗಾಯಿತು.

ಅಂತೂ ನಾಲಿಗೆ ಮಡಿಸಿ ಮಡಿಸಿ ‘ಳ’ವನ್ನು ಹದಕ್ಕೆ ತಂದುಕೊಂಡು, ಗೆದ್ದೆನೆಂದು ಅಂಗಿಯನ್ನು ಎತ್ತಿ ಹಿಡಿದೆ. ನೋಡುತ್ತೇನೆ, ಅಷ್ಟು ಉಜ್ಜಿಸಿಕೊಂಡ ಅಂಗಿ ನೆಲ ಒರೆಸುವ ಬಟ್ಟೆಯ ಹಾಗೆ ಸೊರಗಿದೆ. ಕಾಫಿ ಕಲೆ ಮಾತ್ರ ಜೇಬಿನ ಮೇಲೆ ಕಾಲು ಚಾಚಿ ಕೂತಿದೆ! ಕಣ್ಣು ಕಂಡದ್ದನ್ನು ಬಾಯಿ ಆಡಿಬಿಟ್ಟಿತು, ಒಂದೊಂದು ಅಕ್ಷರವೂ ಸ್ಪಷ್ಟವಾಗಿ:

“ಕಳೆ ಹೋಯ್ತು, ಕಲೆ ಬಂತು.”

ಸೊಸೆ ರಟ್ಟಿನ ಹಿಂದೆ ಮುಖ ಮುಚ್ಚಿಕೊಂಡಳು. ಸಾಹುಕಾರರು ಎದ್ದು ಬಂದು ಅಂಗಿ ನೋಡಿದರು, ನನ್ನನ್ನು ನೋಡಿದರು, ತೆಗೆದದ್ದನ್ನು ಕ್ಯಾಮೆರಾದಲ್ಲಿ ಇನ್ನೊಮ್ಮೆ ನೋಡಿದರು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು.

“ಇದನ್ನ ಹಾಗೇ ಇಟ್ಕೊಳಮ್ಮ,” ಎಂದರು ಸೊಸೆಗೆ. “ನಮ್ಮ ಸಾಬೂನಿನ ಭಾಗ ಆ ನಟಿ ಬಂದು ಮಾಡ್ಲಿ. ಅದಕ್ಕೆ ಮುಂಚೆ ಈ ಅಮ್ಮನ್ನ ತೋರಿಸು. ಕೆಳಗೆ ‘ಬೇರೆ ಸಾಬೂನು’ ಅಂತ ಬರಿ.”

ನಾನು ಉಜ್ಜಿದ್ದು ನಿಮ್ಮದೇ ಸಾಬೂನಲ್ಲವೇ ಎಂದು ಬಾಯಿ ತೆರೆಯುವಷ್ಟರಲ್ಲಿ ಸೊಸೆ ನನ್ನ ಕಾಲು ತುಳಿದಳು.

ಜಾಹೀರಾತು ಗೆದ್ದಿತು. ಸೊಸೆಯ ಕೆಲಸ ಉಳಿಯಿತು. ನಾನೂ ಟೀವಿಯಲ್ಲಿ ಬಂದವಳಾದೆನಲ್ಲ! ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಬಟ್ಟೆ ತೆಗೆದು ಉಟ್ಟು, ಯಾರಾದರೂ ಗುರುತು ಹಿಡಿಯಲಿ ಎಂದು ಮೂಲೆಯಂಗಡಿಗೆ ಹೋದೆ. ಅಂಗಡಿಯವರು ಹಿಡಿದೇ ಹಿಡಿದರು. ಸಕ್ಕರೆ ತೂಗುವುದನ್ನು ನಿಲ್ಲಿಸಿ, ನನ್ನ ಬಟ್ಟೆಯನ್ನು ಮೇಲಿನಿಂದ ಕೆಳಗಿನವರೆಗೆ ಮರುಕದಿಂದ ನೋಡಿ, ಅದೇ ಸಾಬೂನನ್ನು ನನ್ನ ಕೈಗಿಟ್ಟರು.

“ಟೀವೀಲಿ ನಿಮ್ಮ ಅವಸ್ಥೆ ನೋಡಿ ಕರುಳು ಚುರ್ ಅಂತು ಅಜ್ಜಿ. ಇನ್ನಾದ್ರೂ ಒಳ್ಳೇ ಸಾಬೂನು ತಗೊಳ್ಳಿ.”

ಸುಮ್ಮನೆ ಎರಡು ತೆಗೆದುಕೊಂಡು ಬಂದೆ.